ಘೋಷಣೆಯ ಹಾಡು, ಎರವಲಿನ ಬೈಗುಳ

1972ರ ಜೂನ್ ತಿಂಗಳಲ್ಲಿ ಅಮೆರಿಕದ ಅಂಗಡಿಗಳಿಗೆ ಒಂದು ಜೋಡಿ ಗ್ರಾಮಫೋನ್ ತಟ್ಟೆ ಬಂತು. ಅದರ ಹೊದಿಕೆ ದಿನಪತ್ರಿಕೆಯ ಮುಖಪುಟದ ಹಾಗೆ ಅಚ್ಚಾಗಿತ್ತು. ಹಾಡಿನ ಹೆಸರುಗಳೇ ತಲೆಬರಹ, ಹಾಡುಗಳೇ ವರದಿ. ಹೆಸರು ‘ಸಮ್ ಟೈಮ್ ಇನ್ ನ್ಯೂಯಾರ್ಕ್ ಸಿಟಿ’. ಹಾಡಿದವರು ಗಂಡ ಹೆಂಡತಿ: ಬೀಟಲ್ಸ್ ತಂಡದಿಂದ ಲೋಕಕ್ಕೆಲ್ಲ ಗೊತ್ತಾಗಿದ್ದ ಜಾನ್ ಲೆನನ್, ಟೋಕಿಯೊದ ಸಿರಿವಂತ ಮನೆತನದ ಕಲಾವಿದೆ ಯೋಕೊ ಓನೊ. ಇಬ್ಬರೂ 1971ರಲ್ಲಿ ಇಂಗ್ಲೆಂಡ್ ಬಿಟ್ಟು ನ್ಯೂಯಾರ್ಕಿಗೆ ಬಂದಿದ್ದರು.

ಈ ತಟ್ಟೆಯ ಚರಿತ್ರೆ ನಮಗ್ಯಾಕೆ? ‘ಇದು ಬರೀ ಘೋಷಣೆ, ಕಲೆಯಲ್ಲ’ ಅನ್ನೋ ಮಾತನ್ನು ನಮ್ಮ ಬರಹಗಾರರೂ ಕೇಳಿಕೊಂಡೇ ಬಂದಿದ್ದಾರೆ. ಅಲ್ಲಿನ ವಿಮರ್ಶಕರು ಇದಕ್ಕೂ ಅದೇ ಹಣೆಪಟ್ಟಿ ಹಚ್ಚಿದರು. ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಅದು 48ನೇ ಸ್ಥಾನಕ್ಕಿಂತ ಮೇಲೇರಲಿಲ್ಲ.

ಹಾಡುಗಳಲ್ಲಿ ಇದ್ದದ್ದಾದರೂ ಏನು? ನ್ಯೂಯಾರ್ಕ್ ರಾಜ್ಯದ ಆಟಿಕಾ ಜೈಲಿನಲ್ಲಿ 1971ರ ಸೆಪ್ಟೆಂಬರ್ 9ರಂದು ಕೈದಿಗಳು ದಂಗೆ ಎದ್ದರು. ಅವರಲ್ಲಿ ಹೆಚ್ಚಿನವರು ಕರಿಯರು. ಕೇಳಿದ್ದು ತಿನ್ನುವಂಥ ಊಟ, ಕಾಯಿಲೆಗೆ ಔಷಧಿ, ಮನುಷ್ಯರನ್ನು ಮನುಷ್ಯರಂತೆ ಕಾಣುವ ಆಡಳಿತ. ಗವರ್ನರ್ ರಾಕ್‌ಫೆಲರ್ ಜೈಲಿನ ಹತ್ತಿರವೂ ಸುಳಿಯಲಿಲ್ಲ. 13ರಂದು ಪೊಲೀಸರು ನುಗ್ಗಿದರು. ಆ ದಾಳಿಯ ಗುಂಡಿಗೆ 29 ಕೈದಿಗಳು, 10 ಒತ್ತೆಯಾಳುಗಳು ಸತ್ತರು. ಒತ್ತೆಯಾಳುಗಳ ಕತ್ತನ್ನು ಕೈದಿಗಳೇ ಕೊಯ್ದರು ಅಂತ ಅಧಿಕಾರಿಗಳು ಕತೆ ಕಟ್ಟಿದರು. ಶವಪರೀಕ್ಷೆಯಲ್ಲಿ ಸುಳ್ಳು ಬಯಲಾಯಿತು. ಡಿಸೆಂಬರಿನಲ್ಲಿ, ಕರಿಯರ ಹಾರ್ಲೆಮ್‌ನ ಅಪೊಲೊ ರಂಗಮಂದಿರದಲ್ಲಿ, ಸತ್ತವರ ಕುಟುಂಬಗಳ ನೆರವಿಗಾಗಿ ಈ ದಂಪತಿ ಹಾಡಿದರು.

ಜಾನ್ ಸಿಂಕ್ಲೇರ್ ಅನ್ನೋ ಕವಿಗೆ 1969ರಲ್ಲಿ ಹತ್ತು ವರ್ಷ ಜೈಲಾಗಿತ್ತು. ಮಾರುವೇಷದ ಪೊಲೀಸರಿಗೆ ಎರಡು ಗಾಂಜಾ ಬೀಡಿ ಕೊಟ್ಟದ್ದೇ ಅಪರಾಧ. 1971ರ ಡಿಸೆಂಬರ್ 10ರಂದು ಆನ್ ಆರ್ಬರ್ ಊರಿನಲ್ಲಿ ಸುಮಾರು 15,000 ಜನ ಸೇರಿದರು, ಲೆನನ್ ಹಾಡಿದರು. ಮೂರೇ ದಿನಕ್ಕೆ ಸಿಂಕ್ಲೇರ್ ಹೊರಗೆ ಬಂದರು. ಹಾಡೇ ಬೀಗ ತೆಗೆಯಿತು ಅಂತ ನಾವು ಹೇಳುವುದಿಲ್ಲ. ಶಿಕ್ಷೆ ಇಳಿಸುವ ಕಾನೂನಿಗೆ ಶಾಸನಸಭೆ ಆಗಲೇ ಒಪ್ಪಿತ್ತು. ಆದರೆ ಆ ಒಪ್ಪಿಗೆಯ ಹಿಂದೆ ಬೀದಿಗಿಳಿದ ಜನ ಇದ್ದರು, ಹಾಡು ಆ ಜನರ ಜೊತೆ ಇತ್ತು.

1972ರ ಜನವರಿ 30ರಂದು ಉತ್ತರ ಐರ್ಲೆಂಡಿನ ಡೆರಿಯಲ್ಲಿ ಬ್ರಿಟಿಷ್ ಸೈನಿಕರು ಮೆರವಣಿಗೆಯ ಮೇಲೆ ಗುಂಡು ಹಾರಿಸಿ 13 ಜನರನ್ನು ಅಂದೇ ಕೊಂದರು. ಅದರ ಮೇಲೂ ಒಂದು ಹಾಡಿದೆ. ಬ್ರಿಟಿಷ್ ಸರ್ಕಾರ ತಪ್ಪೊಪ್ಪಿ ಕ್ಷಮೆ ಕೇಳಿದ್ದು 2010ರಲ್ಲಿ. ಮೂವತ್ತೆಂಟು ವರ್ಷ! ಹಾಡಿಗೆ ಕೆಲವೇ ತಿಂಗಳು ಸಾಕಾಗಿತ್ತು.

ವಿಮರ್ಶಕರು ಘೋಷಣೆ ಅಂದರು, ಪ್ರಭುತ್ವ ಮಾತ್ರ ಹಗುರವಾಗಿ ಕಾಣಲಿಲ್ಲ. 1972 ಅಧ್ಯಕ್ಷ ನಿಕ್ಸನ್‌ರ ಮರುಚುನಾವಣೆಯ ವರ್ಷ. ಹದಿನೆಂಟು ತುಂಬಿದವರು ಮೊದಲ ಸಲ ಅಧ್ಯಕ್ಷ ಚುನಾವಣೆಯಲ್ಲಿ ಓಟು ಹಾಕುವವರಿದ್ದರು. ಈ ಹಾಡುಗಾರರು ಹುಡುಗರನ್ನು ಕೆಡಿಸಬಹುದು, ಗಡೀಪಾರು ಮಾಡುವುದೇ ಒಳ್ಳೆಯದು ಎಂಬ ಸಲಹೆ ಸೆನೆಟರ್ ಥರ್ಮಂಡ್ ಕಡೆಯಿಂದ ಫೆಬ್ರವರಿಯಲ್ಲೇ ಹೋಗಿತ್ತು. 1968ರಲ್ಲಿ ಲಂಡನ್ನಿನಲ್ಲಿ ನಡೆದ ಗಾಂಜಾ ಕೇಸನ್ನು ನೆಪ ಮಾಡಿ ಲೆನನ್ ಬೆನ್ನು ಹತ್ತಿದರು. ಅಲ್ಲೇ ನೆಲೆಸುವ ಪರವಾನಗಿ ಅವರಿಗೆ ಸಿಕ್ಕಿದ್ದು 1976ರಲ್ಲಿ.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಬರೀ ಹೊಗಳಿಕೆ. ಈ ತಟ್ಟೆಯ ಮೊದಲ ಹಾಡೇ ಒಂದು ಮುಳ್ಳು. ಬಿಳಿಯರು ಕರಿಯರನ್ನು ತುಳಿಯಲು ಬಳಸಿದ ಹೊಲಸು ಬೈಗುಳವನ್ನು ಎತ್ತಿಕೊಂಡು ಅದು ಹೆಣ್ಣಿಗೆ ಹಚ್ಚುತ್ತದೆ. ಇಡೀ ಲೋಕದಲ್ಲಿ ಆ ಸ್ಥಾನ ಹೆಣ್ಣಿನದು ಅನ್ನುತ್ತದೆ. ಮಾತು ಮೂಲತಃ ಓನೊ ಅವರದು, 1969ರ ಪತ್ರಿಕಾ ಸಂದರ್ಶನದ್ದು. ಅನೇಕ ರೇಡಿಯೊಗಳು ಹಾಡನ್ನು ದೂರ ಇಟ್ಟವು. ಕರಿಯ ಸಂಸದ ರಾನ್ ಡೆಲಮ್ಸ್ ಹಾಡಿನ ಪರ ನಿಂತರು. ಹೆಂಗಸರ ದುಡಿಮೆ, ಅವಮಾನ ಗಂಡಸರ ಕಿವಿಗೆ ಬೀಳುವಂತೆ ಹೇಳಿದ್ದು ನಿಜವೇ.

ಆದರೂ ನಾವು ಕೇಳಬೇಕು: ಹೆಣ್ಣು ಒಂದು ಕಡೆ, ಕರಿಯರು ಇನ್ನೊಂದು ಕಡೆ ಅಂತ ಹೋಲಿಸಿದರೆ ಕರಿಯ ಹೆಣ್ಣು ಎಲ್ಲಿ ನಿಲ್ಲಬೇಕು? ಅದೇ ತಟ್ಟೆಯಲ್ಲಿ ಏಂಜೆಲಾ ಡೇವಿಸ್ ಮೇಲೂ ಹಾಡಿದೆ. ಅವರು ಕರಿಯರು, ಹೆಣ್ಣು, ಕಮ್ಯುನಿಸ್ಟರು. ಹದಿನಾರು ತಿಂಗಳು ಸೆರೆಯಲ್ಲಿದ್ದು, ತಟ್ಟೆ ಹೊರಬರುವ ಎಂಟು ದಿನ ಮೊದಲು, 1972ರ ಜೂನ್ 4ರಂದು ನಿರ್ದೋಷಿಯೆಂದು ಬಿಡುಗಡೆಯಾದವರು. ಮೊದಲ ಹಾಡಿನ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ. ಜಾತಿಯ ಹೆಸರನ್ನೇ ಬೈಗುಳವಾಗಿ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಸಭೆಗಳಲ್ಲೂ ದಲಿತ ಹೆಣ್ಣುಮಕ್ಕಳು ಎದ್ದು ಕೇಳಿದ್ದು ಇದೇ ಪ್ರಶ್ನೆ.

ಅದೇ 1972ರಲ್ಲಿ ಮುಂಬಯಿಯ ದಲಿತ ತರುಣರೂ ಅಮೆರಿಕದ ಕರಿಯರಿಂದ ಒಂದು ಮಾತನ್ನು ಎರವಲು ತಂದರು. ಅವರು ತಂದದ್ದು ಬೈಗುಳವನ್ನಲ್ಲ, ‘ಪ್ಯಾಂಥರ್’ ಅನ್ನೋ ಹೆಸರನ್ನು. ಕರಿಯರು ತಮ್ಮ ಹೋರಾಟಕ್ಕೆ ತಾವೇ ಇಟ್ಟುಕೊಂಡಿದ್ದ ಹೆಸರದು. ಹಾಡು ಕಟ್ಟುವ ಗೆಳೆಯರು, ಪಾಠ ಹೇಳುವ ಮೇಷ್ಟ್ರುಗಳು ಈ ಎರಡು ಎರವಲನ್ನೂ ಪಕ್ಕಪಕ್ಕ ಇಟ್ಟು ಚರ್ಚಿಸಲಿ.