ಭಾನುವಾರ ಮುಚ್ಚಿದ್ದ ಬಾಗಿಲು

ವೇಲ್ಸ್‌ಗೆ ಹೊರಟಿದ್ದೀನಿ ಅಂದಾಗ ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬ ನಗುತ್ತಲೇ ಒಂದು ಎಚ್ಚರಿಕೆ ಕೊಟ್ಟ. "ಅಲ್ಲಿನ ಹಳ್ಳಿ ಪಬ್‌ಗೆ ಹೋದ್ರೆ ಹುಷಾರು. ನೀನು ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ಇಂಗ್ಲಿಷ್ ನಿಲ್ಲಿಸಿ ವೆಲ್ಷ್ ಶುರು ಮಾಡ್ತಾರೆ." ಆಮೇಲೆ ಗೊತ್ತಾಯ್ತು, ಇದು ಅವನೊಬ್ಬನ ಕಥೆಯಲ್ಲ, ಇಂಗ್ಲೆಂಡಿನಲ್ಲಿ ಎಷ್ಟೋ ಜನ ತಮಗೇ ಆದ ಹಾಗೆ ಹೇಳಿಕೊಳ್ಳುವ ಕಥೆ. ಬಾಗಿಲ ಹೊರಗಿದ್ದವನಿಗೆ ಒಳಗೆ ಅಲ್ಲೀವರೆಗೆ ಯಾವ ಭಾಷೆ ನಡೀತಿತ್ತು ಅಂತ ಹೇಗೆ ಗೊತ್ತಾಯ್ತು ಅನ್ನೋದನ್ನ ಮಾತ್ರ ಯಾರೂ ಕೇಳಿದ ಹಾಗಿಲ್ಲ.

ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ವೇಲ್ಸ್‌ನ ಪಬ್‌ಗಳನ್ನು ಸುತ್ತಿದೆ. ವೆಲ್ಷ್ ಭಾಷೆಯಲ್ಲಿ ಪಬ್‌ಗೆ 'ತವರ್ನ್' ಅಂತಾರೆ. ನಮ್ಮ ತವರಿಗೂ ಇದಕ್ಕೂ ಸಂಬಂಧ ಇಲ್ಲ, ಇದು ಲ್ಯಾಟಿನ್ನಿನ 'ತಬೆರ್ನಾ'ದಿಂದ ಬಂದದ್ದು. ಆದರೆ ಆ ನಾಡಿನ ಚರಿತ್ರೆ ಓದುತ್ತಾ ಹೋದ ಹಾಗೆ ಈ ತಪ್ಪು ಅರ್ಥವೂ ಅಷ್ಟೇನೂ ತಪ್ಪಲ್ಲ ಅನ್ನಿಸತೊಡಗಿತು.

ಪಶ್ಚಿಮ ತುದಿಯ ಪೆಂಬ್ರೋಕ್‌ಶೈರ್‌ನಲ್ಲಿ, ಗ್ವೈನ್ ಕಣಿವೆಯೊಳಗೆ ಡಫ್ರಿನ್ ಆರ್ಮ್ಸ್ ಅಂತ ಒಂದು ಪಬ್ ಇದೆ. ಹೊರಗಿನಿಂದ ನೋಡಿದರೆ ಯಾರದೋ ಮನೆ. ಒಳಗೂ ಹೆಚ್ಚುಕಡಿಮೆ ಮನೆಯ ನಡುಮನೆಯೇ. ಪೀಪಾಯಿಯಿಂದ ಬಿಯರನ್ನು ಜಗ್‌ಗೆ ಹಿಡಿದು, ಗೋಡೆಯಲ್ಲಿರುವ ಸಣ್ಣ ಕಿಂಡಿಯಿಂದ ಲೋಟಕ್ಕೆ ಹೊಯ್ದು ಕೊಡುವ ಪದ್ಧತಿ ಅಲ್ಲಿಯದು. ಬ್ರಿಟನ್ 1752ರಲ್ಲಿ ಕ್ಯಾಲೆಂಡರ್ ಬದಲಿಸಿದರೂ ಈ ಕಣಿವೆಯವರು ಅದನ್ನು ಪೂರ್ತಿ ಒಪ್ಪಿಲ್ಲ. ಹಳೇ ಲೆಕ್ಕದ ಹೊಸವರ್ಷವನ್ನು ಈಗಲೂ ಜನವರಿ 13ಕ್ಕೆ ಆಚರಿಸುತ್ತಾರೆ. ಪಬ್ ಮನೆಯಂತಿರುವುದಕ್ಕೆ ಕಾನೂನಿನದೂ ಒಂದು ಕೈ ಇದೆ. 1830ರ ಬಿಯರ್ ಕಾಯ್ದೆ ಪ್ರಕಾರ ಎರಡು ಗಿನಿ ಶುಲ್ಕ ಕಟ್ಟಿದರೆ ಮನೆಯಿಂದಲೇ ಬಿಯರ್ ಮಾರಬಹುದಿತ್ತು. ಇಂಗ್ಲೆಂಡ್, ವೇಲ್ಸ್ ಎರಡೂ ಕಡೆ ಸಾವಿರಾರು ಮನೆಗಳ ಮುಂದಿನ ಕೋಣೆ ರಾತ್ರೋರಾತ್ರಿ ಪಬ್ ಆಯಿತು.

ಅಷ್ಟರಲ್ಲಾಗಲೇ ಪಬ್ ಅಂದರೆ ಬರೀ ಕುಡಿಯುವ ಜಾಗ ಆಗಿರಲಿಲ್ಲ. ವೇಲ್ಸ್‌ನ ಅತಿ ದೊಡ್ಡ ಸಾಂಸ್ಕೃತಿಕ ಹಬ್ಬ ಐಸ್ತೆದ್ವೋದ್. ಕವಿತೆ, ಸಂಗೀತಗಳ ಸ್ಪರ್ಧೆ, ಗೆದ್ದ ಕವಿಗೆ ಸಿಂಹಾಸನ. ಅಲ್ಲಿ ನಿಲುವಂಗಿ ತೊಟ್ಟ ಕವಿಗಳು ನಡೆಸುವ ಗೊರ್ಸೆದ್ ಎಂಬ ಗಂಭೀರ ವಿಧಿಯನ್ನು ನೋಡಿದವರು ಅದು ಸಾವಿರಾರು ವರ್ಷ ಹಳೆಯದು ಅಂದುಕೊಳ್ಳುತ್ತಾರೆ. ಅದನ್ನು ಕಟ್ಟಿದವನು ಯೋಲೊ ಮೊರ್ಗಾನುಗ್ ಎಂಬ ಕಲ್ಲುಕುಟಿಗ ಕವಿ. ಅವನು ಅದನ್ನು ಐಸ್ತೆದ್ವೋದ್‌ಗೆ ಸೇರಿಸಿದ್ದು 1819ರಲ್ಲಿ, ಕಾರ್ಮಾರ್ಥೆನ್ ಊರಿನ ಐವಿ ಬುಷ್ ಎಂಬ ಛತ್ರದಂಥ ಪಬ್‌ನ ತೋಟದಲ್ಲಿ. ಇಪ್ಪತ್ತು ವರ್ಷದ ನಂತರ ಇನ್ನೊಂದು ಕಥೆ. ಕಬ್ಬಿಣ, ಕಲ್ಲಿದ್ದಲ ಕಣಿವೆಗಳ ಕೂಲಿಗಳು ಮತದಾನದ ಹಕ್ಕು ಕೇಳುವ ಚಾರ್ಟಿಸ್ಟ್ ಸಭೆಗಳನ್ನು ಪಬ್‌ಗಳಲ್ಲೇ ನಡೆಸಿದರು. ಅವರ ನಾಯಕರಲ್ಲಿ ಒಬ್ಬನಾದ ಜೆಫನಾಯ ವಿಲಿಯಮ್ಸ್ ಸ್ವತಃ ಪಬ್ ನಡೆಸುತ್ತಿದ್ದವನು. 1839ರ ನವೆಂಬರ್ 4ರಂದು ಸಾವಿರಾರು ಜನ ನ್ಯೂಪೋರ್ಟ್‌ಗೆ ನಡೆದು ಬಂದಾಗ ಸೈನಿಕರು ಗುಂಡು ಹಾರಿಸಿದ್ದು ವೆಸ್ಟ್‌ಗೇಟ್ ಹೋಟೆಲಿನ ಒಳಗಿನಿಂದ. ಸುಮಾರು 22 ಜನ ಸತ್ತರು.

ಇಷ್ಟು ಕೇಳಿ ಪಬ್ಬೇ ನಾಯಕ, ಅದನ್ನು ಮುಚ್ಚಲು ಬಂದವರೆಲ್ಲ ಖಳನಾಯಕರು ಅಂದುಕೊಳ್ಳಬೇಡಿ. ಗಣಿ ಕೆಲಸಗಾರರಿಗೆ ಸಂಬಳವನ್ನು ಪಬ್‌ನಲ್ಲೇ ಹಂಚುವ ರೂಢಿ ಇತ್ತು. ಕೈಗೆ ಬಂದ ದುಡ್ಡು ಅಲ್ಲೇ ಕರಗುತ್ತಿತ್ತು, ಮನೇಲಿ ಹೆಂಡತಿ ಮಕ್ಕಳು ಕಾಯ್ತಿದ್ದರು. 1842ರ ಗಣಿ ಕಾಯ್ದೆ ಅದನ್ನು ನಿಷೇಧಿಸಬೇಕಾಯ್ತು ಅಂದರೆ ಹಾವಳಿ ಎಷ್ಟಿತ್ತು ಅಂತ ಊಹಿಸಿ. ಸಾರಾಯಿ ಅಂಗಡಿ ಇದ್ದ ಊರಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಪಬ್‌ಗೆ ಎದುರಾಗಿ ನಿಂತದ್ದು ಚಾಪೆಲ್. ಇಂಗ್ಲೆಂಡಿನ ಅಧಿಕೃತ ಚರ್ಚಿನಿಂದ ಹೊರಬಂದ ಮೆಥಡಿಸ್ಟ್, ಬ್ಯಾಪ್ಟಿಸ್ಟ್ ಮುಂತಾದ ಪಂಗಡಗಳ ಪ್ರಾರ್ಥನಾ ಮಂದಿರ ಅದು. ಅಲ್ಲಿ ಪ್ರವಚನ ವೆಲ್ಷ್, ಹಾಡು ವೆಲ್ಷ್, ಭಾನುವಾರದ ಶಾಲೆಯೂ ವೆಲ್ಷ್. ಸಾಮಾನ್ಯ ಜನ ತಮ್ಮ ಭಾಷೆಯನ್ನು ಓದಲು ಕಲಿತದ್ದೇ ಅಲ್ಲಿ.

ಈ ಚಾಪೆಲ್ ಜನಕ್ಕೆ 1847ರಲ್ಲಿ ಒಂದು ಪೆಟ್ಟು ಬಿತ್ತು. ವೇಲ್ಸ್‌ನ ಶಾಲೆಗಳ ಸ್ಥಿತಿ ನೋಡಲು ಲಂಡನ್ ಸರ್ಕಾರ ಮೂವರು ಅಧಿಕಾರಿಗಳನ್ನು ಕಳಿಸಿತ್ತು. ಮೂವರಿಗೂ ವೆಲ್ಷ್ ಬರುತ್ತಿರಲಿಲ್ಲ. ಅವರ ವರದಿ ಶಾಲೆಗಳನ್ನು ಬೈದದ್ದಲ್ಲದೆ, ವೆಲ್ಷ್ ಭಾಷೆ ಪ್ರಗತಿಗೆ ಅಡ್ಡಿ, ಅಲ್ಲಿನ ಜನರ, ಅದರಲ್ಲೂ ಹೆಂಗಸರ, ನಡತೆ ಸರಿಯಿಲ್ಲ ಅಂತಲೂ ಬರೆಯಿತು. ವರದಿಯ ರಟ್ಟು ನೀಲಿ. ಇವತ್ತಿಗೂ ವೇಲ್ಸ್ ಆ ಘಟನೆಯನ್ನು ನೀಲಿ ಪುಸ್ತಕಗಳ ದ್ರೋಹ ಅಂತಲೇ ಕರೆಯುತ್ತದೆ.

ಅವಮಾನ ಆದವರು ಎರಡು ದಾರಿ ಹಿಡಿಯಬಹುದು. ತಿರುಗಿ ಬೈಯಬಹುದು, ಇಲ್ಲಾ ನಾವು ನಿಮಗಿಂತ ಚೊಕ್ಕ ಅಂತ ತೋರಿಸಬಹುದು. ವೇಲ್ಸ್ ಎರಡನ್ನೂ ಮಾಡಿತು, ಎರಡನೆಯದನ್ನು ಹಟ ಹಿಡಿದು ಮಾಡಿತು. ವಿಚಾರಣೆಗೆ ಒಂದೂ ಮೊಕದ್ದಮೆ ಇಲ್ಲದಿದ್ದರೆ ನ್ಯಾಯಾಧೀಶರಿಗೆ ಬಿಳಿ ಕೈಗವಸು ಕೊಡುವ ಪದ್ಧತಿ ಆಗ ಇತ್ತು. ನಮ್ಮದು ಬಿಳಿ ಕೈಗವಸುಗಳ ನಾಡು ಅಂತ ವೇಲ್ಸ್‌ನವರು ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದರು. ಕುಡಿತ ಬಿಡುವ ಪ್ರತಿಜ್ಞೆ ಊರೂರಿಗೆ ಹಬ್ಬಿತು.

ಇದರ ತುದಿಯಲ್ಲಿ ಬಂದದ್ದು 1881ರ ಭಾನುವಾರ ಮುಚ್ಚುವಿಕೆ ಕಾಯ್ದೆ. ವೇಲ್ಸ್‌ನಲ್ಲಿ ಭಾನುವಾರ ಪಬ್ ತೆರೆಯುವಂತಿಲ್ಲ, ಇಂಗ್ಲೆಂಡಿನಲ್ಲಿ ತೆರೆಯಬಹುದು. ಕೇಳೋಕೆ ಸಣ್ಣ ವಿಷಯ. ಆದರೆ 1536ರಲ್ಲಿ ಇಂಗ್ಲೆಂಡ್ ವೇಲ್ಸನ್ನು ತನ್ನ ಕಾನೂನಿನೊಳಗೆ ಸೇರಿಸಿಕೊಂಡ ಮೇಲೆ ಅಲ್ಲಿಗೊಂದು, ಇಲ್ಲಿಗೊಂದು ಕಾನೂನು ಅನ್ನೋದು ತೀರಾ ಅಪರೂಪವಾಗಿತ್ತು. ವೇಲ್ಸ್ ಒಂದು ಬೇರೆ ನಾಡು, ಅದಕ್ಕೆ ಬೇರೆ ಕಾನೂನು ಬೇಕಾಗಬಹುದು ಅಂತ ಆಧುನಿಕ ಕಾಲದಲ್ಲಿ ಬ್ರಿಟಿಷ್ ಸಂಸತ್ತು ಮೊದಲು ಒಪ್ಪಿದ್ದು ಇಲ್ಲಿ. ಇದೇ ದಾರಿಯಲ್ಲಿ 1889ರಲ್ಲಿ ವೇಲ್ಸ್‌ಗೆಂದೇ ಪ್ರೌಢಶಾಲೆಗಳ ಕಾಯ್ದೆ ಬಂತು. 1999ರಲ್ಲಿ ಕಾರ್ಡಿಫ್‌ನಲ್ಲಿ ಸೇರಿದ ವೇಲ್ಸ್‌ನ ಸ್ವಂತ ಅಸೆಂಬ್ಲಿಯವರೆಗೆ ಈ ದಾರಿ ಹೋಗುತ್ತದೆ. ಅದರ ಮೊದಲ ಮೈಲಿಗಲ್ಲು ಬೀಗ ಹಾಕಿದ ಪಬ್ ಬಾಗಿಲು!

ನಮ್ಮ ಕೆಲಸದಲ್ಲಿ ಹೇಳೋ ಹಾಗೆ, ಯಾವ ರೂಲ್ ಬರೆದರೂ ಎಡ್ಜ್ ಕೇಸ್ ಇದ್ದೇ ಇರುತ್ತೆ. ನಿಜವಾದ ಪ್ರಯಾಣಿಕನಿಗೆ ಭಾನುವಾರವೂ ಕುಡಿಯಲು ಕೊಡಬಹುದು ಅಂತ ಒಂದು ವಿನಾಯಿತಿ ಇತ್ತು. ಹಿಂದಿನ ರಾತ್ರಿ ಮಲಗಿದ ಜಾಗದಿಂದ ಮೂರು ಮೈಲಿ ದೂರ ಬಂದಿದ್ದರೆ ಅವನು ಪ್ರಯಾಣಿಕ. ಸರಿ, ಬಾಯಾರಿದವರು ಮೂರು ಮೈಲಿ ನಡೆದರು. ಸದಸ್ಯರಿಗೆ ಮಾತ್ರ ಅನ್ನುವ ಖಾಸಗಿ ಕ್ಲಬ್‌ಗಳಿಗೆ ಕಾಯ್ದೆ ತಾಗುತ್ತಿರಲಿಲ್ಲ, ಹಾಗಾಗಿ ಕ್ಲಬ್‌ಗಳು ಹುಟ್ಟಿದವು. ಗಡಿಯ ಮನ್ಮತ್‌ಶೈರ್‌ಗೆ ಈ ಕಾಯ್ದೆ ಅನ್ವಯಿಸಿದ್ದು 1921ರಲ್ಲಿ. ಅಲ್ಲೀವರೆಗೆ ಕಾರ್ಡಿಫ್ ಕಡೆಯವರು ಭಾನುವಾರ ಹೊಳೆ ದಾಟಿದರೆ ಆಯ್ತು, ಕುಡಿಯಲು ಅಡ್ಡಿಯಿರಲಿಲ್ಲ.

ಎಂಬತ್ತು ವರ್ಷ ಹೀಗೇ ನಡೆಯಿತು. 1961ರಲ್ಲಿ ಸರ್ಕಾರ, ನೀವೇ ತೀರ್ಮಾನ ಮಾಡಿಕೊಳ್ಳಿ ಅಂತ ಪ್ರತಿ ಕೌಂಟಿಯ ಜನರ ಮತಕ್ಕೆ ಬಿಟ್ಟಿತು. ಏಳು ವರ್ಷಕ್ಕೊಮ್ಮೆ ಮತ್ತೆ ಮತ ಕೇಳಲು ಅವಕಾಶ. ಮೊದಲ ಫಲಿತಾಂಶದ ನಕ್ಷೆ ನೋಡಿದರೆ ಕುಡಿತದ ನಕ್ಷೆಗಿಂತ ಹೆಚ್ಚಾಗಿ ಭಾಷೆಯ ನಕ್ಷೆಯ ಹಾಗಿದೆ. ಕಾರ್ಡಿಫ್, ಸ್ವಾನ್ಸಿ ಮತ್ತು ಗಣಿ ಕಣಿವೆಗಳು ತೆರೀರಿ ಅಂದವು. ವೆಲ್ಷ್ ಮಾತಾಡುವ ಪಶ್ಚಿಮ, ಉತ್ತರದ ಕೌಂಟಿಗಳು ಬೇಡ ಅಂದವು. ಆಮೇಲೆ ಪ್ರತಿ ಸುತ್ತಿನಲ್ಲೂ ಒಣ ಭಾಗ ಕುಗ್ಗುತ್ತಾ ಬಂತು. ಕೊನೆಗೆ ಉಳಿದದ್ದು ವಾಯವ್ಯ ಮೂಲೆಯ, ಲ್ಲೀನ್ ಪರ್ಯಾಯ ದ್ವೀಪವಿರುವ ದುಯ್ವೋರ್ ಜಿಲ್ಲೆ ಒಂದೇ. ಅದೂ 1996ರಲ್ಲಿ ಮಣಿಯಿತು. ಅಂದರೆ ನಾನು ಪ್ರೈಮರಿ ಶಾಲೆಯಲ್ಲಿದ್ದಾಗಲೂ ಅಲ್ಲಿ ಭಾನುವಾರ ಪಬ್ ಬಾಗಿಲು ಮುಚ್ಚಿರುತ್ತಿತ್ತು.

ಈ ನಡುವೆ ಚಾಪೆಲ್‌ಗಳೂ ಖಾಲಿಯಾದವು. ಎಷ್ಟೋ ಚಾಪೆಲ್ ಈಗ ಫ್ಲಾಟ್. 1891ರಲ್ಲಿ ವೇಲ್ಸ್‌ನ ಅರ್ಧಕ್ಕಿಂತ ಹೆಚ್ಚು ಜನ ವೆಲ್ಷ್ ಮಾತಾಡುತ್ತಿದ್ದರು. 2021ರ ಜನಗಣತಿಯಲ್ಲಿ ಅದು ಶೇ. 17.8. ಹಾಗಾದರೆ ಭಾಷೆ ಈಗ ಎಲ್ಲಿ ಸೇರುತ್ತೆ?

ಒಂದು ಉತ್ತರ ಕಾರ್ಡಿಫ್‌ನ ವುಮನ್‌ಬಿ ಬೀದಿಯಲ್ಲಿ ಸಿಕ್ಕಿತು. ಅಲ್ಲಿ ವೆಲ್ಷ್ ಮಾತಾಡುವವರು 1983ರಲ್ಲಿ ಶುರುಮಾಡಿದ ಕ್ಲುಬ್ ಈವೋರ್ ಬಾಖ್ ಇದೆ. 1158ರಲ್ಲಿ ಕಾರ್ಡಿಫ್ ಕೋಟೆಯ ಗೋಡೆ ಹತ್ತಿ ನಾರ್ಮನ್ ದೊರೆಯನ್ನೇ ಹೊತ್ತುಕೊಂಡು ಹೋದ ಪಾಳೇಗಾರನ ಹೆಸರು ಅದು. ಕ್ಲಬ್ ಇರುವುದು ಅದೇ ಕೋಟೆಯ ಎದುರಿಗೆ. ಗಿಟಾರು, ಡ್ರಮ್ಸು, ಬೆವರು, ಕಿವಿಗಡಚಿಕ್ಕುವ ಸದ್ದು. ಎಷ್ಟೋ ವೆಲ್ಷ್ ಬ್ಯಾಂಡ್‌ಗಳು ಹಾಡಿ ಬೆಳೆದ ಜಾಗ. ಭಾಷೆ ಉಳಿಸಬೇಕು ಅಂತ ಅಲ್ಲಿ ಯಾರೂ ಭಾಷಣ ಮಾಡಲ್ಲ.

ಇನ್ನೊಂದು ಉತ್ತರ ಲ್ಲಿಥ್‌ವೈನ್ ಎಂಬ ಹಳ್ಳಿಯಲ್ಲಿದೆ. ಕೆಳಗೆ ಸಮುದ್ರ, ಮೇಲೆ ಬೆಟ್ಟ, ಯಾವತ್ತೋ ಮುಚ್ಚಿದ ಗ್ರಾನೈಟ್ ಕ್ವಾರಿಗಳು. ಈ ಸೀಮೆಯಲ್ಲಿ ಮನೆಗಳನ್ನು ಹೊರಗಿನವರು ರಜಾ ಕಳೆಯೋಕೆ ಕೊಳ್ಳುತ್ತಾರೆ, ಊರಿನ ಹುಡುಗರಿಗೆ ಬೆಲೆ ಎಟುಕಲ್ಲ. ಇಲ್ಲಿನ ವಿಕ್ಟೋರಿಯಾ ಎಂಬ ಪಬ್, ಊರವರ ಬಾಯಲ್ಲಿ 'ವಿಕ್', 1988ರಿಂದ ಊರವರೇ ಸೇರಿ ಕಟ್ಟಿದ ಸಹಕಾರಿಯ ಕೈಯಲ್ಲಿದೆ. ಕಾರಣ ಬಿಯರ್ ಅಲ್ಲ. ಪಬ್ ಹೋದರೆ ಊರು ಸಂಜೆ ಸೇರಲು ಬೇರೆ ಜಾಗವೇ ಇರುತ್ತಿರಲಿಲ್ಲ. ಗಮನಿಸಿ, ಲ್ಲಿಥ್‌ವೈನ್ ಇರುವುದು ಅದೇ ದುಯ್ವೋರ್‌ನಲ್ಲಿ. ಪಬ್ ಊರಿನದಾದ ಮೇಲೂ ಎಂಟು ವರ್ಷ ಅದರ ಬಾಗಿಲನ್ನು ಭಾನುವಾರ ತೆರೆಯುವಂತಿರಲಿಲ್ಲ. ಈ ಮಾದರಿ ಆಮೇಲೆ ಹಬ್ಬಿತು. 2021ರಲ್ಲಿ ಅಲ್ಲಿಂದ ಸ್ವಲ್ಪ ದೂರದ ಲ್ಲಾನ್‌ದುರೋಗ್ ಊರಿನವರು ಷೇರು ಮಾರಿ, ನಾಲ್ಕು ಲಕ್ಷ ಪೌಂಡ್‌ಗೂ ಹೆಚ್ಚು ಕೂಡಿಸಿ ತಮ್ಮ ಪಬ್ಬನ್ನು ಕೊಂಡರು.

ಅಜ್ಜಂದಿರು ಭಾಷೆಯ ಮಾನ ಉಳಿಸಲು ಯಾವ ಬಾಗಿಲನ್ನು ಮುಚ್ಚಿಸಿದರೋ, ಅದೇ ಬಾಗಿಲು ಮುಚ್ಚದಿರಲಿ ಅಂತ ಮೊಮ್ಮಕ್ಕಳು ದುಡ್ಡು ಹಾಕುತ್ತಿದ್ದಾರೆ. ಇದನ್ನು ಸೋಲು ಗೆಲುವು ಅಂತ ನೋಡೋಕೆ ನನಗೆ ಮನಸ್ಸಾಗಲಿಲ್ಲ. ಇಬ್ಬರಿಗೂ ಬೇಕಾಗಿದ್ದದ್ದು ತಮ್ಮ ಮಾತನ್ನು ತಾವು ಆಡುವ ಒಂದು ಸೂರು.

ನಾನು ವಿಕ್‌ನ ಬಾಗಿಲು ತಳ್ಳಿದ್ದು ಒಂದು ಭಾನುವಾರ ಸಂಜೆ. ಒಳಗೆ ವೆಲ್ಷ್ ಆಗಲೇ ನಡೀತಿತ್ತು. ಹೊರಗಿನಿಂದಲೇ ಕೇಳಿಸ್ತಿತ್ತು. ನಾನು ಹೋಗಿ ಕೌಂಟರ್ ಹತ್ತಿರ ನಿಂತ ಮೇಲೆ ಬದಲಾದದ್ದು ಒಂದೇ: ಪಕ್ಕದಲ್ಲಿದ್ದ ಇಬ್ಬರು ನನಗೂ ಅರ್ಥವಾಗಲಿ ಅಂತ ಇಂಗ್ಲಿಷ್‌ಗೆ ಬಂದರು. ಎಲ್ಲಿಂದ ಬಂದೆ, ನಿನ್ನ ಭಾಷೆ ಯಾವುದು, ಅದಕ್ಕೆ ಬೇರೆ ಲಿಪಿ ಇದೆಯಾ ಅಂತೆಲ್ಲ ಕೇಳಿದರು. ಮೊದಲು ಖುಷಿಯಾಯ್ತು. ಆಮೇಲೆ ಒಂಥರಾ ಕಸಿವಿಸಿ. ಒಬ್ಬ ಹೊರಗಿನವನಿಗೋಸ್ಕರ ಇಡೀ ಮೇಜು ಭಾಷೆ ಬದಲಿಸಿತ್ತು. ಬೆಂಗಳೂರಿನ ಆಫೀಸಿನಲ್ಲಿ ಊಟದ ಹೊತ್ತಿಗೆ ನಾವು ನಾಲ್ಕು ಜನ ದಿನಾ ಮಾಡೋದೂ ಇದನ್ನೇ.

ನೀವು ನಿಮ್ಮ ಪಾಡಿಗೆ ವೆಲ್ಷ್‌ನಲ್ಲೇ ಮಾತಾಡಿ, ನಾನು ಸುಮ್ನೆ ಕೇಳ್ತಾ ಕೂತಿರ್ತೀನಿ ಅಂದೆ. ಅವರು ಒಂದು ಕ್ಷಣ ಮುಖ ಮುಖ ನೋಡಿಕೊಂಡು ಲೋಟ ಎತ್ತಿದರು. "ಯೆಖಿದ್ ದಾ." ಆರೋಗ್ಯ ಚೆನ್ನಾಗಿರಲಿ ಅಂತ ಅರ್ಥ. ಆಮೇಲೆ ಮಾತು ನಿಂತಲ್ಲಿಂದ ಮುಂದುವರಿಯಿತು. ನನಗೆ ಒಂದು ಪದವೂ ತಿಳಿಯಲಿಲ್ಲ, ಏಳೋಕೂ ಮನಸ್ಸಾಗಲಿಲ್ಲ.