ಕಡಲಂಚಿನ ಹಳೆಯ ಗಣಕಗಳು: ಪ್ರಾರಂಭದೋಷ, ಸ್ಮೃತಿವಿನ್ಯಾಸ ಮತ್ತು ಮೌಖಿಕ ತಿಳಿವಳಿಕೆ

ಉತ್ತರ ಕನ್ನಡದ ಕರಾವಳಿಯಲ್ಲಿ ಜಾನಪದ ಸಂಗ್ರಹಕ್ಕೆ ದೀರ್ಘವಾದ ಪರಂಪರೆಯಿದೆ. ಕುಮಟಾದ ಎಲ್. ಆರ್. ಹೆಗಡೆ, ಹೊನ್ನಾವರದ ಎನ್. ಆರ್. ನಾಯಕ, ಶಾಂತಿ ನಾಯಕ ಮೊದಲಾದವರು ಈ ಭಾಗದ ಹಾಡು, ಕಥೆಗಳನ್ನು ಸಂಗ್ರಹಿಸಿ ನಾಡಿಗೆ ನೀಡಿದ್ದಾರೆ. ಇಂತಹ ಸಂಗ್ರಹಗಳ ಅಧ್ಯಯನದಲ್ಲಿ ಕೈಬರಹ, ಧ್ವನಿಸುರುಳಿ, ಮುದ್ರಿತ ಗ್ರಂಥ ಎಂಬ ಮೂರು ಆಕರಗಳನ್ನು ಗುರುತಿಸುವುದು ವಾಡಿಕೆ. ತೊಂಬತ್ತರ ದಶಕದಲ್ಲಿ ನಾಲ್ಕನೆಯದೊಂದು ಸೇರಿಕೊಂಡಿತು. ಅದು ಗಣಕಯಂತ್ರದ ಡಿಸ್ಕ್. ಅಂದಿನ ಗಣಕಗಳು ಏಕೆ ಪ್ರಾರಂಭವಾಗದೆ ನಿಲ್ಲುತ್ತಿದ್ದವು, ಅವನ್ನು ಎಬ್ಬಿಸುವ ವಿದ್ಯೆ ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಹೇಗೆ ಬಾಯಿಂದ ಬಾಯಿಗೆ ಸಾಗಿತು, ಅದು ಮರೆತುಹೋದರೆ ಜಾನಪದ ಸಂಶೋಧನೆಗೆ ಆಗುವ ನಷ್ಟವೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೧. ೬೪೦ ಕಿಲೋಬೈಟುಗಳ ಎಲ್ಲೆ

೧೯೮೧ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನ ಸಂಸ್ಕಾರಕವು ಒಂದು ಮೆಗಾಬೈಟ್ ಸ್ಮೃತಿಯನ್ನಷ್ಟೇ ಗುರುತಿಸಬಲ್ಲದಾಗಿತ್ತು. ಅದರಲ್ಲಿ ೩೮೪ ಕಿಲೋಬೈಟನ್ನು ಯಂತ್ರದ ಸ್ವಂತ ಕೆಲಸಕ್ಕೆ ಮೀಸಲಿಟ್ಟು, ೬೪೦ ಕಿಲೋಬೈಟನ್ನು ಡಾಸ್ ಮತ್ತು ಅದರಡಿಯ ತಂತ್ರಾಂಶಗಳಿಗೆ ಬಿಡಲಾಯಿತು. ಮುಂದೆ ನಾಲ್ಕು, ಎಂಟು ಮೆಗಾಬೈಟ್ ಸ್ಮೃತಿಯ ಯಂತ್ರಗಳು ಬಂದರೂ ಡಾಸ್ ಈ ಎಲ್ಲೆಯನ್ನು ಸುಲಭವಾಗಿ ದಾಟಲಿಲ್ಲ. ಭಾರತೀಯ ಲಿಪಿಗಳನ್ನು ಡಾಸ್ ಪರದೆಗೆ ತಂದ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್‌ನಂತಹ ವ್ಯವಸ್ಥೆಗಳು ಬಳಕೆಗೆ ಬಂದ ಕಾಲವದು. ಲಿಪಿಯ ತಂತ್ರಾಂಶ, ಮೌಸ್ ಚಾಲಕ, ಮುದ್ರಣದ ಚಾಲಕ ಇವೆಲ್ಲ ಕೆಳಗಿನ ೬೪೦ ಕಿಲೋಬೈಟಿನಲ್ಲೇ ಬೀಡುಬಿಟ್ಟರೆ ಬರೆಹದ ತಂತ್ರಾಂಶಕ್ಕೆ ಜಾಗ ಉಳಿಯುತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಸ್ಮೃತಿ ಹೇರಳವಾಗಿದ್ದರೂ ಪರದೆಯ ಮೇಲೆ 'ಸ್ಮೃತಿ ಸಾಲದು' ಎಂಬ ಸೂಚನೆ ಮೂಡುತ್ತಿತ್ತು.

ಇದಕ್ಕೆ ಪರಿಹಾರ ಕಾನ್ಫಿಗ್.ಸಿಸ್ ಮತ್ತು ಆಟೋಎಕ್ಸೆಕ್.ಬ್ಯಾಟ್ ಎಂಬ ಎರಡು ಸಣ್ಣ ಕಡತಗಳಲ್ಲಿತ್ತು. ೧೯೯೧ರ ಡಾಸ್ ೫ರಲ್ಲಿ ಹೈಮೆಮ್.ಸಿಸ್ ಚಾಲಕವನ್ನು ಮೊದಲು ಕರೆದು, ಡಾಸನ್ನೂ ಇತರ ಚಾಲಕಗಳನ್ನೂ ಮೇಲಿನ ಸ್ಮೃತಿಗೆ ಏರಿಸಬಹುದಾಯಿತು. ಸಾಲುಗಳ ಅನುಕ್ರಮ ತಪ್ಪಿದರೆ ಚಾಲಕಗಳು ಮೇಲಿನ ಸ್ಮೃತಿಗೆ ಏರದೆ ಹೋಗಬಹುದಿತ್ತು, ಕೆಲವೊಮ್ಮೆ ಯಂತ್ರ ನಡುದಾರಿಯಲ್ಲೇ ಸ್ತಬ್ಧವಾಗುವುದೂ ಇತ್ತು. ೧೯೯೩ರ ಡಾಸ್ ೬ರಿಂದ ಪ್ರಾರಂಭದಲ್ಲಿ ಎಫ್ ೫ ಕೀಲಿಯೊತ್ತಿ ಆ ಕಡತಗಳನ್ನು ಬಿಟ್ಟು ಹೋಗಲು, ಎಫ್ ೮ ಒತ್ತಿ ಒಂದೊಂದೇ ಸಾಲನ್ನು ಪರೀಕ್ಷಿಸಲು ಅವಕಾಶವಾಯಿತು. ಡಿಟಿಪಿ ಅಂಗಡಿಗಳಲ್ಲಿ ಕೆಲಸ ಕಲಿತವರು ಈ ಸಾಲುಗಳನ್ನು ಅರ್ಥಕ್ಕಿಂತ ಮೊದಲು ಅನುಕ್ರಮವಾಗಿ ಬಾಯಿಪಾಠ ಮಾಡಿಕೊಂಡಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಕಡತಗಳಲ್ಲಿ ಪಾಠಾಂತರಗಳೂ ಹುಟ್ಟಿಕೊಂಡವು.

೨. ಉಪ್ಪುಗಾಳಿ ಮತ್ತು ಬ್ಯಾಟರಿ

ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ತೀರದಲ್ಲಿ ತೇವ ಮತ್ತು ಉಪ್ಪುಗಾಳಿ ಲೋಹದ ಸಂಪರ್ಕಗಳನ್ನು ಬೇಗ ಮಂಕಾಗಿಸುತ್ತವೆ. ಸ್ಮೃತಿಫಲಕದ ಅಂಚಿನ ಸಂಪರ್ಕ ಕೆಟ್ಟರೆ ಪರದೆ ಬೆಳಗುವ ಮೊದಲೇ ಯಂತ್ರ ಸಿಳ್ಳೆಯ ಮೂಲಕ ದೋಷವನ್ನು ಸಾರುತ್ತದೆ. ಎಎಂಐ ಬಯಾಸ್ ಇರುವ ಯಂತ್ರದಲ್ಲಿ ಮೂರು ಸಿಳ್ಳೆ ಬಂದರೆ ಮೊದಲ ೬೪ ಕಿಲೋಬೈಟ್ ಸ್ಮೃತಿಯಲ್ಲಿ ದೋಷವಿದೆ ಎಂದರ್ಥ. ಫಲಕವನ್ನು ಕಳಚಿ, ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಸಾಮಾನ್ಯ ಚಿಕಿತ್ಸೆಯಾಗಿತ್ತು.

ಇದಕ್ಕಿಂತ ಗಂಭೀರವಾದುದು ಬ್ಯಾಟರಿಯ ಸಮಸ್ಯೆ. ೧೯೮೪ರ ಐಬಿಎಂ ಎಟಿ ಮಾದರಿಯಿಂದ ಮುಂದಕ್ಕೆ ದಿನಾಂಕ, ಸ್ಮೃತಿಯ ಪ್ರಮಾಣ, ಹಾರ್ಡ್ ಡಿಸ್ಕಿನ ಅಳತೆಗಳು ಸಿಮಾಸ್ ಎಂಬ ಪುಟ್ಟ ಸ್ಮೃತಿಯಲ್ಲಿ ಬ್ಯಾಟರಿಯ ಬಲದಿಂದ ಉಳಿಯುತ್ತಿದ್ದವು. ಬ್ಯಾಟರಿ ಸತ್ತರೆ ಯಂತ್ರವು ತನ್ನದೇ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರುಗಳ ಸಂಖ್ಯೆಯನ್ನು ಮರೆಯುತ್ತಿತ್ತು. ಹಲವು ಯಂತ್ರಗಳು ೧೯೮೦ರ ಜನವರಿ ೧ಕ್ಕೆ ಮರಳುತ್ತಿದ್ದವು. ಡಿಸ್ಕಿನಲ್ಲಿರುವ ಮಾಹಿತಿ ಆಗಲೂ ಹಾಗೆಯೇ ಇರುತ್ತದೆ. ಅದನ್ನು ತಲುಪುವ ವಿಳಾಸವಷ್ಟೇ ಯಂತ್ರಕ್ಕೆ ತಿಳಿದಿರುವುದಿಲ್ಲ. ಆದ್ದರಿಂದ ಬಲ್ಲ ದುರಸ್ತಿಗಾರರು ಆ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸುತ್ತಿದ್ದರು.

೩. ಒಂದು ಕ್ಷೇತ್ರಾನುಭವ

೨೦೦೪ರಲ್ಲಿ ಪಿಎಚ್.ಡಿ. ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಕುಮಟಾ ತಾಲ್ಲೂಕಿನ ಹವ್ಯಾಸಿ ಸಂಗ್ರಾಹಕರೊಬ್ಬರ ಮನೆಗೆ ಹೋಗಿದ್ದೆ. ಹಾಲಕ್ಕಿ ಹೆಂಗಸರ ಮದುವೆ ಹಾಡುಗಳನ್ನು ಅವರು ೪೮೬ ಯಂತ್ರವೊಂದರಲ್ಲಿ ಟೈಪು ಮಾಡಿಟ್ಟಿದ್ದರು. ಯಂತ್ರ ಏಳುತ್ತಿರಲಿಲ್ಲ. ಅಂಗಡಿಯೊಂದರಲ್ಲಿ 'ಡಿಸ್ಕ್ ಹೋಗಿದೆ, ಫಾರ್ಮ್ಯಾಟ್ ಮಾಡಿ' ಎಂದಿದ್ದರಂತೆ. ಹೊನ್ನಾವರದ ಹಿರಿಯ ದುರಸ್ತಿಗಾರರೊಬ್ಬರು ಬಂದು ಪೆಟ್ಟಿಗೆ ಬಿಚ್ಚಿದಾಗ ಒಳಗೆ ಮಾಸಿದ ಚೀಟಿಯಿತ್ತು. ಅದರ ಅಂಕಿಗಳನ್ನು ಸೆಟಪ್‌ನಲ್ಲಿ ತುಂಬಿದೊಡನೆ ಹಾಡುಗಳು ಸಿಕ್ಕವು. ಕೆಲವು ಕಡತಗಳ ಮೇಲೆ ೧೯೮೦ರ ದಿನಾಂಕವಿತ್ತು. ಅವೇ ಮೊದಲ ಪಾಠಗಳೆಂದು ನಾನು ಗುರುತು ಹಾಕಿಕೊಂಡೆ. ಬ್ಯಾಟರಿ ಸೋತ ಮೇಲೆ ಬರೆದ ಕಡತಗಳಿಗೆ ಆ ದಿನಾಂಕ ಬೀಳುತ್ತದೆಂದು ದುರಸ್ತಿಗಾರರು ತಿದ್ದಿದರು. ವಾಸ್ತವವಾಗಿ ಅವು ಕೊನೆಯ ಪಾಠಗಳಾಗಿದ್ದವು. ಕೆಲವು ಹಾಡುಗಳಿಗೆ ನೋಟುಪುಸ್ತಕದ ಪ್ರತಿಯೇ ಇರಲಿಲ್ಲ. ಹಾಡಿದವರಲ್ಲಿ ಇಬ್ಬರು ಆಗಲೇ ತೀರಿಕೊಂಡಿದ್ದರು.

೪. ಉಪಸಂಹಾರ

ಈ ಪ್ರಸಂಗದಿಂದ ಗ್ರಂಥಾಲಯಗಳೂ ಸಂಶೋಧಕರೂ ಗಮನಿಸಬೇಕಾದ ಅಂಶಗಳು ಹಲವು. ಪ್ರಾರಂಭವಾಗದ ಯಂತ್ರವನ್ನು ಆಕರ ನಾಶವಾದುದರ ಸಾಕ್ಷ್ಯವೆಂದು ಭಾವಿಸಬಾರದು. ಡಿಸ್ಕನ್ನು ಫಾರ್ಮ್ಯಾಟ್ ಮಾಡುವುದಾಗಲಿ, ತಪ್ಪು ಅಳತೆ ನೀಡಿ ಅದರ ಮೇಲೆ ಬರೆಯುವುದಾಗಲಿ ಕೂಡದು. ಸೋರುವ ಬ್ಯಾಟರಿ ಮಾತೃಫಲಕವನ್ನೇ ತಿನ್ನುವುದರಿಂದ, ಸೆಟಪ್ ಪರದೆಯ ಅಂಕಿಗಳನ್ನು ಬರೆದುಕೊಂಡು ಅದನ್ನು ಬೇಗ ತೆಗೆಯಬೇಕು. ಮೊದಲು ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಬೇಕು. ೧೯೯೧ರ ಯುನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದು ಬಳಕೆಗೆ ಬಂದದ್ದು ತಡವಾಗಿ. ಆದಕಾರಣ ಕಡತದೊಡನೆ ಅಂದಿನ ಅಕ್ಷರವಿನ್ಯಾಸ ಮತ್ತು ತಂತ್ರಾಂಶವನ್ನೂ ಕಾಪಿಡದಿದ್ದರೆ ಪಠ್ಯ ಸಿಕ್ಕರೂ ಓದಲು ಬಾರದು.

ಹಾಡಿನ ಪಠ್ಯದೊಡನೆ ಹಾಡಿದವರ ವಿವರವನ್ನು ದಾಖಲಿಸುವುದು ನಮ್ಮ ಶಿಸ್ತಿನ ನಿಯಮ. ಆ ಪಠ್ಯವನ್ನು ಉಳಿಸಿಕೊಟ್ಟ ದುರಸ್ತಿಗಾರರ ತಿಳಿವಳಿಕೆಯೂ ಬಹುಮಟ್ಟಿಗೆ ಅಲಿಖಿತವಾಗಿಯೇ ಉಳಿದಿದೆ. ಅವರಲ್ಲಿ ಅನೇಕರು ಈಗ ಮೊಬೈಲ್ ದುರಸ್ತಿಗೆ ಹೊರಳಿದ್ದಾರೆ, ಕೆಲವರು ಊರು ಬಿಟ್ಟಿದ್ದಾರೆ. ಮೂರು ತಾಲ್ಲೂಕುಗಳ ಇಂತಹ ಹಿರಿಯರನ್ನು ಕಂಡು ಅವರ ಮಾತನ್ನು ಧ್ವನಿಮುದ್ರಿಸುವ ಕಾರ್ಯ ಅಟ್ಟದ ಮೇಲಿನ ಯಂತ್ರಗಳು ಗುಜರಿ ಸೇರುವ ಮುನ್ನ ನಡೆಯಬೇಕಾಗಿದೆ.