ಹೊಸರಿತ್ತಿ ಮತ್ತು ಹಂಫ್ರಿಗಂಜ್: ಯುದ್ಧಕಾಲದ ಎರಡು ನೆನಪುಗಳು

ಪೀಠಿಕೆ

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಸೀಮೆಯವರಿಗೆ ಎರಡನೆಯ ಮಹಾಯುದ್ಧದ ವರ್ಷಗಳೆಂದರೆ ಮೈಲಾರ ಮಹದೇವಪ್ಪನವರ ವರ್ಷಗಳು. 1911ರಲ್ಲಿ ಮೋಟೆಬೆನ್ನೂರಿನಲ್ಲಿ ಹುಟ್ಟಿ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಅವರು 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಜೊತೆಗೆ ಮಡಿದವರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಅದೇ ಹೊತ್ತಿಗೆ ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳು ಜಪಾನಿ ಸೇನೆಯ ವಶದಲ್ಲಿದ್ದು ಒಂದು ವರ್ಷ ಕಳೆದಿತ್ತು. ಕರಿನೀರಿನ ಆ ನೆಲದ ಮೂರೂವರೆ ವರ್ಷಗಳನ್ನು ನಾವು ಬಹುಮಟ್ಟಿಗೆ ಸುಭಾಷ್‌ಚಂದ್ರ ಬೋಸ್ ಮಾಡಿದ ಧ್ವಜಾರೋಹಣದ ಒಂದೇ ಚಿತ್ರದಲ್ಲಿ ನೆನೆಯುತ್ತೇವೆ. ಹೊಸರಿತ್ತಿಯ ಪಕ್ಕದಲ್ಲಿಟ್ಟು ನೋಡಿದಾಗ ಆ ಚಿತ್ರದ ಕೊರತೆ ಕಣ್ಣಿಗೆ ಬೀಳುತ್ತದೆಂಬುದು ಈ ಲೇಖನದ ವಾದ.

ಮಾರ್ಚ್ 23

1942ರ ಮಾರ್ಚ್ 8ರಂದು ರಂಗೂನ್ ಬಿದ್ದ ಮೇಲೆ ಬ್ರಿಟಿಷರು ಅಂಡಮಾನಿನ ಕಾವಲು ಪಡೆಯನ್ನು ಹಿಂದಕ್ಕೆ ಕರೆಸಿಕೊಂಡರು. ಮಾರ್ಚ್ 23ರಂದು ಜಪಾನಿ ಪಡೆ ಪ್ರತಿರೋಧವಿಲ್ಲದೆ ಪೋರ್ಟ್ ಬ್ಲೇರಿನಲ್ಲಿ ಇಳಿಯಿತು. ಅದೇ ದಿನ ಸ್ಟಾಫರ್ಡ್ ಕ್ರಿಪ್ಸ್ ಸಂಧಾನದ ಪ್ರಸ್ತಾಪ ಹೊತ್ತು ದೆಹಲಿಗೆ ಬಂದಿದ್ದರು. ಏಪ್ರಿಲ್ 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಬಿದ್ದವು. ಬ್ರಿಟಿಷರು ಇಲ್ಲಿರುವುದೇ ಜಪಾನಿಗೆ ಕೊಟ್ಟ ಆಹ್ವಾನವೆಂಬ ಗಾಂಧೀಜಿಯ ತರ್ಕ ಈ ಭೀತಿಯ ನಡುವೆ ರೂಪುಗೊಂಡಿತು. ಆಗಸ್ಟ್ 8ರ ‘ಭಾರತ ಬಿಟ್ಟು ತೊಲಗಿ’ ನಿರ್ಣಯಕ್ಕೆ ಅದೂ ಒಂದು ಹಿನ್ನೆಲೆ. ಹಾಗಾಗಿ ಆ ಚಳವಳಿಯ ಭಾಗವಾದ ಹೊಸರಿತ್ತಿಯ ಘಟನೆಯ ಬೇರೂ ಒಂದು ತುದಿಯಲ್ಲಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ.

ದ್ವೀಪದಲ್ಲಿ ಹೊಸ ಆಳ್ವಿಕೆಯ ಗುಣ ಕೆಲವೇ ದಿನಗಳಲ್ಲಿ ಬಯಲಾಯಿತು. ಪೋರ್ಟ್ ಬ್ಲೇರಿನ ಅಬರ್ಡೀನ್‌ನಲ್ಲಿ ಸೈನಿಕರು ಮನೆಮನೆಯ ಕೋಳಿಗಳ ಬೆನ್ನು ಹತ್ತಿದರು. ಜುಲ್ಫಿಕರ್ ಅಲಿ ಎಂಬ ತರುಣ ಸಿಟ್ಟಿನಿಂದ ಏರ್‌ಗನ್ ಹಾರಿಸಿದ. ಯಾರಿಗೂ ಪೆಟ್ಟಾಗಲಿಲ್ಲ. ಅವನನ್ನು ಹಿಡಿದು ತಂದು, ಜನರೆಲ್ಲ ನೋಡುತ್ತಿರುವಂತೆ ಚಿತ್ರಹಿಂಸೆ ಕೊಟ್ಟು ಗುಂಡಿಟ್ಟು ಕೊಂದರು. ಮುಂದೆ ವಿಮಾನನೆಲೆಗೆ ಬಿಟ್ಟಿ ದುಡಿಮೆ, ಆಹಾರಕ್ಕೆ ಬಲವಂತದ ಸಾಗುವಳಿ ಬಂದವು. ಸೆಲ್ಯುಲರ್ ಜೈಲು ಮತ್ತೆ ತುಂಬಿತು. ಈ ಸಲ ಒಳಗಿದ್ದವರು ಆ ಊರಿನವರೇ.

ಗೂಢಚಾರಿಕೆಯ ಆರೋಪ

1943ರ ಜನವರಿಯಿಂದ ಮೇಜರ್ ಡೆನಿಸ್ ಮೆಕಾರ್ಥಿಯ ಬ್ರಿಟಿಷ್ ಬೇಹುಗಾರ ತಂಡ ಜಲಾಂತರ್ಗಾಮಿಯಲ್ಲಿ ಬಂದು ಅಂಡಮಾನಿನ ಕಾಡಿನಲ್ಲಿ ನೆಲೆಯೂರಿತು. ನಿಜವಾದ ಬೇಹುಗಾರರು ಕಾಡಿನಲ್ಲಿದ್ದರು. ಆದರೆ ಜಪಾನಿಗಳ ಸಂಶಯ ಊರಿನ ಓದುಬರಹ ಬಲ್ಲವರ ಮೇಲೆ ಬಿತ್ತು. ಪಂಜಾಬಿ ಕವಿ, ವೈದ್ಯ ಹಾಗೂ ಅಲ್ಲಿನ ಇಂಡಿಯನ್ ಇಂಡಿಪೆಂಡೆನ್ಸ್ ಲೀಗಿನ ಮುಂದಾಳು ದಿವಾನ್ ಸಿಂಗ್ ‘ಕಾಲೇಪಾನಿ’ ಅವರನ್ನು 1943ರ ಅಕ್ಟೋಬರಿನಲ್ಲಿ ಬಂಧಿಸಲಾಯಿತು.

ಡಿಸೆಂಬರ್ 29ರಂದು ಸುಭಾಷ್‌ಚಂದ್ರ ಬೋಸ್ ಪೋರ್ಟ್ ಬ್ಲೇರಿಗೆ ಬಂದರು. ಮರುದಿನ ಜಿಮ್ಖಾನಾ ಮೈದಾನದಲ್ಲಿ ತ್ರಿವರ್ಣ ಧ್ವಜ ಏರಿತು. ದ್ವೀಪಗಳಿಗೆ ‘ಶಹೀದ್’, ‘ಸ್ವರಾಜ್’ ಎಂಬ ಹೆಸರುಗಳು ಬಂದವು. ಅಂದು ದಿವಾನ್ ಸಿಂಗ್ ಅದೇ ಊರಿನ ಸೆರೆಮನೆಯಲ್ಲಿದ್ದರು. 1944ರ ಜನವರಿ 14ರಂದು ಚಿತ್ರಹಿಂಸೆಯಿಂದ ಅವರು ಸತ್ತರು. ಜನವರಿ 30ರಂದು, ಧ್ವಜ ಏರಿ ಸರಿಯಾಗಿ ಒಂದು ತಿಂಗಳಿಗೆ, 44 ಮಂದಿಯನ್ನು ಗೂಢಚಾರರೆಂದು ಹಂಫ್ರಿಗಂಜ್‌ಗೆ ಒಯ್ದು ಗುಂಡಿಕ್ಕಿದರು. ಅವರಲ್ಲಿ ಹೆಚ್ಚಿನವರು ಅದೇ ಲೀಗಿನ ಸದಸ್ಯರು. ಬೋಸರ ಆಜಾದ್ ಹಿಂದ್ ಸರಕಾರದ ಪರವಾಗಿ ಆಡಳಿತ ವಹಿಸಿಕೊಳ್ಳಲು ಆಮೇಲೆ ಬಂದ ಎ. ಡಿ. ಲೋಕನಾಥನ್ ಅವರ ಕೈಗೆ ಬಂದದ್ದು ಶಿಕ್ಷಣ ಇಲಾಖೆಯಷ್ಟೆ. ಪೊಲೀಸ್ ಅಧಿಕಾರ ಜಪಾನಿಗಳ ಬಳಿಯೇ ಉಳಿಯಿತು. 1945ರ ಆಗಸ್ಟಿನಲ್ಲಿ, ಸೋಲು ಖಚಿತವಾದಾಗ, ನೂರಾರು ಜನರನ್ನು ದೋಣಿ ಹತ್ತಿಸಿ ಹ್ಯಾವ್ಲಾಕ್ ಬಳಿ ಸಮುದ್ರಕ್ಕೆ ತಳ್ಳಿದರು. ಅಕ್ಟೋಬರಿನಲ್ಲಿ ಶರಣಾಗತಿ ನಡೆದದ್ದು ಧ್ವಜ ಏರಿದ್ದ ಅದೇ ಜಿಮ್ಖಾನಾ ಮೈದಾನದಲ್ಲಿ. 1941ರಲ್ಲಿ 33,768 ಇದ್ದ ದ್ವೀಪಸಮೂಹದ ಜನಸಂಖ್ಯೆ 1951ರಲ್ಲಿ 30,971ಕ್ಕೆ ಇಳಿಯಿತು. ಯುದ್ಧಾನಂತರದ ವಲಸೆಯೂ ಇದರಲ್ಲಿ ಸೇರಿರಬಹುದು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿ ಜನಸಂಖ್ಯೆ ಇಳಿದ ದಶಕ ಅದೊಂದೇ.

ನೆನಪಿನ ದಾರಿಗಳು

ಹೊಸರಿತ್ತಿಯಲ್ಲಿ ಮಹದೇವಪ್ಪನವರ ತಂಡದ ಗುರಿ ವೀರಭದ್ರ ದೇವಸ್ಥಾನದಲ್ಲಿದ್ದ ಕಂದಾಯದ ಹಣ. ಸರಕಾರದ ಕೈಯನ್ನು ಅದು ವಸೂಲಿ ಮಾಡುವ ಜಾಗದಲ್ಲೇ ಹಿಡಿಯುವ ಹೋರಾಟ ಅದು. ಅಪಾಯ ಅರಿತೇ ಅವರು ಹೋದರು. ಹಂಫ್ರಿಗಂಜ್‌ನ 44 ಮಂದಿಗೆ ಅಂಥ ಆಯ್ಕೆಯೇ ಇರಲಿಲ್ಲ.

ಸುದ್ದಿಯ ದಾರಿಯೂ ಬೇರೆ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಹುಬ್ಬಳ್ಳಿ–ಹರಿಹರ ರೈಲುದಾರಿಯ ಊರುಗಳು. ಇಲ್ಲಿ ಸತ್ತವರ ಹೆಸರು ಸಂತೆಯಿಂದ ಸಂತೆಗೆ, ನಿಲ್ದಾಣದಿಂದ ನಿಲ್ದಾಣಕ್ಕೆ ಹೋಗಬಲ್ಲದು. ದ್ವೀಪದ ಸುತ್ತ ಕಡಲು, ಕಡಲಿನಲ್ಲಿ ಯುದ್ಧನೌಕೆ. ಅಲ್ಲಿನ ಸಾವುಗಳ ಸುದ್ದಿ ಹೊರಬಂದದ್ದು ಯುದ್ಧ ಮುಗಿದ ಮೇಲೆ. ಆಗ ಕೊಂದವರು ಬೋಸರ ಆಜಾದ್ ಹಿಂದ್ ಸೇನೆಯ ಮಿತ್ರರಾಗಿದ್ದವರು ಎಂಬ ಮುಜುಗರವೂ ಅಡ್ಡ ಬಂದಿತು.

ಸಮಾರೋಪ

ಬೋಸ್ ಏರಿಸಿದ ಧ್ವಜದ ಬೆಲೆಯನ್ನು ಈ ವಾದ ಕಡಿಮೆ ಮಾಡುವುದಿಲ್ಲ. ಪೊಲೀಸು, ಕಣಜ, ಸೆರೆಮನೆ ಇನ್ನೊಬ್ಬರ ಕೈಯಲ್ಲಿರುವಾಗ ಧ್ವಜವೊಂದೇ ಸ್ವರಾಜ್ಯವಾಗದು ಎಂಬುದನ್ನಷ್ಟೇ ಅದು ಹೇಳುತ್ತದೆ. ಹಾವೇರಿಯ ವೀರಸೌಧಕ್ಕೆ ಹೋದ ಶಾಲೆಯ ಮಕ್ಕಳು ಮೂವರ ಹೆಸರನ್ನೂ ಕಲಿತು ಬರುತ್ತಾರೆ. ಹಂಫ್ರಿಗಂಜ್‌ನಲ್ಲೂ ಸ್ಮಾರಕವಿದೆ. 1943ರ ಡಿಸೆಂಬರ್ 30 ಎಂದು ಬರೆಯುವ ಪಠ್ಯಪುಸ್ತಕ ಮುಂದಿನ ಸಾಲಿನಲ್ಲಿ 1944ರ ಜನವರಿ 30 ಎಂದೂ ಬರೆಯಬೇಕು.